ಇಪ್ಪತ್ತೇಳು ಗುಂಟೆಗೆ ಎರಡು ಲೆಕ್ಕ

ಈ ಅಂಕಣದಲ್ಲಿ ಪಟ್ಟಾ, ಚಿಟ್ಟಾ, ಪಹಣಿ, ವಾರಸು ಪ್ರಮಾಣಪತ್ರ ಮುಂತಾದ ಸಂಗತಿಗಳನ್ನು ಓದಿ ರೂಢಿಯಾಗಿರುವ ಬಂಧುಗಳು, ಈ ವಾರ ಗಣಕಯಂತ್ರದ ಪಾಠವೊಂದನ್ನು ಕಂಡು ಪುಟ ತಪ್ಪಿ ಅಚ್ಚಾಗಿದೆಯೆಂದು ಭಾವಿಸಬಾರದಾಗಿ ಕೋರುತ್ತೇನೆ. ಪಾಠವು ಗಣಕಯಂತ್ರದಿಂದ ಆರಂಭವಾದರೂ ಕೊನೆಗೆ ಬಂದು ನಿಂತದ್ದು ಜಮೀನಿನ ಬದುವಿನ ಮೇಲೆಯೇ.

ನ್ಯಾಯಾಲಯಗಳಿಗೆ ಮೇ ತಿಂಗಳ ರಜೆ ಇದ್ದ ದಿನಗಳು. ನನ್ನ ಅಕ್ಕನ ಮಗಳು ರಜೆ ಕಳೆಯಲು ಕಾರಿಮಂಗಲಂಗೆ ಬಂದಿದ್ದಳು. ಹೊಸೂರಿನ ಕಡೆ ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ ಮುಗಿಸಿ ಒಂಬತ್ತಕ್ಕೆ ಕಾಲಿಡಲಿರುವ ಹುಡುಗಿ. ಮಾವಿನಹಣ್ಣಿನ ಬುಟ್ಟಿಯ ಜೊತೆಗೆ ಒಂದು ಹಳೆಯ ಲ್ಯಾಪ್‌ಟಾಪನ್ನೂ ಹೊತ್ತು ತಂದಿದ್ದಳು. ಬಂದ ಮರುದಿನವೇ ನನ್ನ ಕಚೇರಿಯ ಮೇಜಿನ ಅರ್ಧ ಭಾಗವನ್ನು ಆಕ್ರಮಿಸಿಕೊಂಡು, ತಾನು ಕ್ಯಾಲ್ಕುಲೇಟರ್ ಪ್ರೋಗ್ರಾಂ ಒಂದನ್ನು ಸ್ವತಃ ಬರೆಯುತ್ತೇನೆಂದು ಘೋಷಿಸಿದಳು. ಸಂತೆಯ ಬೀದಿಯ ಅಂಗಡಿಯಲ್ಲಿ ಕ್ಯಾಲ್ಕುಲೇಟರುಗಳು ಸಾಲಾಗಿ ತೂಗುತ್ತಿರುವಾಗ ಈ ಪರಿಶ್ರಮವೇಕೆಂದು ಕೇಳಿದೆ. ಅವಳ ಉತ್ತರ ಚುಟುಕಾಗಿತ್ತು: “ಅದರಲ್ಲಿ ಗುಂಟೆ ಇಲ್ಲವಲ್ಲ ಮಾವ.”

ಆ ಮಾತಿನಲ್ಲಿ ಹುರುಳಿತ್ತು. ಗಡಿಯಲ್ಲಿ ಬಾಳುವ ನಮ್ಮಂಥ ಕುಟುಂಬಗಳ ಜಮೀನಿನ ಲೆಕ್ಕಕ್ಕೆ ಮೂರು ನಾಲಗೆ. ಕರ್ನಾಟಕದ ಪಹಣಿಯಲ್ಲಿ ಎಕರೆ ಮತ್ತು ಗುಂಟೆ. ತಮಿಳುನಾಡಿನ ಜನರ ಬಾಯಲ್ಲಿ ಎಕರೆ ಮತ್ತು ಸೆಂಟು. ಇಲ್ಲಿಯ ಪಟ್ಟಾದ ಕಾಗದದಲ್ಲಿ ಹೆಕ್ಟೇರು ಮತ್ತು ಏರು. ಒಂದು ಎಕರೆಗೆ 40 ಗುಂಟೆ, 100 ಸೆಂಟು. ಗುಂಟೆಯೊಂದಕ್ಕೆ 1,089 ಚದರಡಿ, ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ತುಂಡು, ಸೆಂಟಿಗೆ 435.6 ಚದರಡಿ. ಇವು ಮೂಲದಲ್ಲಿ ಒಂದೇ ಸರಪಳಿಯಿಂದ ಹುಟ್ಟಿದ ಅಳತೆಗಳು. ಹದಿನೇಳನೆಯ ಶತಮಾನದಲ್ಲಿ ಎಡ್ಮಂಡ್ ಗಂಟರ್ ಎಂಬ ಆಂಗ್ಲ ಗಣಿತಜ್ಞನು ರೂಪಿಸಿದ ಸರಪಳಿಯ ಉದ್ದ 66 ಅಡಿ, ಅದರಲ್ಲಿ 100 ಕೊಂಡಿಗಳು. ಹತ್ತು ಚದರ ಸರಪಳಿ ಸೇರಿದರೆ ಒಂದು ಎಕರೆ. ಅರ್ಧ ಸರಪಳಿಯ ಚೌಕವೇ ಗುಂಟೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ಬಾರಾಮಹಲ್ ಪ್ರದೇಶವನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಇದೇ ನೆಲದಲ್ಲಿ ಹೊಲಗಳನ್ನು ಅಳೆಸಿ ಕಂದಾಯ ಕಟ್ಟಿದರು. ಮುಂದೆ ರೈತವಾರಿ ಪದ್ಧತಿ ಎನಿಸಿಕೊಂಡದ್ದರ ಬೇರು ಇಲ್ಲಿದೆ. ಅಂದಿನಿಂದ ಇಂದಿನವರೆಗೆ ಅಳತೆಯ ಹೆಸರುಗಳು ಬದಲಾಗಿವೆ, ತಗಾದೆಗಳು ಬದಲಾಗಿಲ್ಲ. ಏರು ಎಂಬುದು ನೂರು ಚದರ ಮೀಟರು. ಗುಂಟೆಯು ನೂರಾಒಂದಕ್ಕೆ ತುಸು ಮೇಲೆ. ಎರಡೂ ಬಹುತೇಕ ಸಮವಾದ್ದರಿಂದ ಒಂದನ್ನೇ ಇನ್ನೊಂದೆಂದು ತಿಳಿದು ಮೋಸ ಹೋದವರನ್ನು ನಾನು ಕಂಡಿದ್ದೇನೆ.

ಹುಡುಗಿ ಆರಿಸಿಕೊಂಡಿದ್ದ ಭಾಷೆ ಬೇಸಿಕ್. ನನಗೆ ಸಂತೋಷವಾಯಿತು, ಅದಕ್ಕೆ ಸ್ವಾರ್ಥದ ಕಾರಣವೂ ಇದೆ: ನನಗೆ ಬರುವ ಗಣಕಭಾಷೆ ಅದೊಂದೇ. ತೊಂಬತ್ತರ ದಶಕದ ಕೊನೆಯಲ್ಲಿ ಧರ್ಮಪುರಿಯ ಒಂದು ಮಹಡಿಯ ಮೇಲಿನ ತರಬೇತಿ ಕೇಂದ್ರದಲ್ಲಿ, ಚಪ್ಪಲಿ ಹೊರಗೆ ಬಿಟ್ಟು ಒಳಹೋಗಿ, ಹತ್ತು, ಇಪ್ಪತ್ತು, ಮೂವತ್ತು ಎಂದು ಸಾಲಿಗೆ ಸಂಖ್ಯೆ ಕೊಟ್ಟು ಜಿಡಬ್ಲ್ಯೂ ಬೇಸಿಕ್ ಕಲಿತವನು ನಾನು. ಈಗಿನ ಮಕ್ಕಳು ಪೈಥಾನ್ ಕಲಿಯಬೇಕೆಂದು ಬಲ್ಲವರು ಹೇಳುತ್ತಾರೆ, ಕಲಿಯಲಿ. ಆದರೆ ಬೇಸಿಕ್ ಹುಟ್ಟಿದ ಉದ್ದೇಶವನ್ನು ನಮ್ಮ ಶಾಲೆಗಳ ತಂದೆತಾಯಿಯರು ಅರಿತಿರುವುದು ಒಳ್ಳೆಯದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಇಬ್ಬರು ಗಣಿತ ಪ್ರಾಧ್ಯಾಪಕರು, ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್, ವಿಜ್ಞಾನವನ್ನು ಓದದ ವಿದ್ಯಾರ್ಥಿಗಳೂ ಗಣಕಯಂತ್ರವನ್ನು ಬಳಸುವಂತಾಗಬೇಕೆಂದು ಅದನ್ನು ರಚಿಸಿದರು. 1964ರ ಮೇ 1ರ ನಸುಕಿನಲ್ಲಿ ಅದು ಮೊದಲು ಓಡಿತು. ಕೆಮೆನಿಯವರ ತಾಯ್ನುಡಿ ಇಂಗ್ಲಿಷ್ ಅಲ್ಲ. ಬುಡಾಪೆಸ್ಟ್‌ನಲ್ಲಿ ಹುಟ್ಟಿ ಹರೆಯದಲ್ಲಿ ಅಮೆರಿಕಕ್ಕೆ ವಲಸೆ ಹೋದವರು. ಭಾರತದಲ್ಲಿಯೂ 1984ರಲ್ಲಿ ಸರ್ಕಾರವು ‘ಕ್ಲಾಸ್’ ಎಂಬ ಯೋಜನೆಯಡಿ ಶಾಲೆಗಳಿಗೆ ಬಿಬಿಸಿ ಮೈಕ್ರೊ ಯಂತ್ರಗಳನ್ನು ಕೊಟ್ಟಾಗ ಮಕ್ಕಳು ಕಲಿತದ್ದು ಇದೇ ಭಾಷೆಯ ಒಂದು ರೂಪವನ್ನು.

ಕನ್ನಡ ಮಾಧ್ಯಮದ ಮಗುವಿಗೆ ಗಣಕಯಂತ್ರವೆಂದರೆ ಇಂಗ್ಲಿಷಿನ ಭಯ ಮೊದಲು ಅಡ್ಡ ಬರುತ್ತದೆ. ಬೇಸಿಕ್‌ನಲ್ಲಿ ಆರಂಭಕ್ಕೆ ಬೇಕಾದ ಇಂಗ್ಲಿಷ್ ಪದಗಳು ಹತ್ತು ಹನ್ನೆರಡು ಮಾತ್ರ. ಪ್ರತಿಯೊಂದಕ್ಕೂ ಒಂದೇ ಅರ್ಥ, ಅದೂ ಎಂದಿಗೂ ಬದಲಾಗದ ಅರ್ಥ. ಇಂಗ್ಲಿಷ್ ಭಾಷೆಯೇ ಇಷ್ಟು ಪ್ರಾಮಾಣಿಕವಾಗಿದ್ದರೆ ವಕೀಲರಿಗೆ ಕೆಲಸವಿರುತ್ತಿರಲಿಲ್ಲ.

ಅವಳ ಕ್ಯಾಲ್ಕುಲೇಟರಿನ ಮೊದಲ ರೂಪವನ್ನು ಮನೆಯಲ್ಲಿ ಯಾರೂ ಮಾಡಿ ನೋಡಬಹುದು. ಪದಗಳನ್ನು ನಾನಿಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಒತ್ತಬೇಕು. ‘ಇನ್‌ಪುಟ್’ ಎಂಬ ಆಜ್ಞೆಯಿಂದ ಮೊದಲ ಸಂಖ್ಯೆ, ಕೂಡು-ಕಳೆ-ಗುಣಿಸು-ಭಾಗಿಸು ಚಿಹ್ನೆ, ಎರಡನೆಯ ಸಂಖ್ಯೆ, ಈ ಮೂರನ್ನೂ ಕೇಳಿ ಪಡೆಯಬೇಕು. ‘ಸೆಲೆಕ್ಟ್ ಕೇಸ್’ ಎಂಬ ಆಜ್ಞೆಯಿಂದ ಚಿಹ್ನೆ ಯಾವುದೆಂದು ನೋಡಿ, ಕೂಡುವುದಾದರೆ ಈ ಸಾಲು, ಕಳೆಯುವುದಾದರೆ ಆ ಸಾಲು ಎಂದು ಬೇರ್ಪಡಿಸಬೇಕು. ಭಾಗಾಕಾರದ ಕಡೆ ಮಾತ್ರ ಎರಡನೆಯ ಸಂಖ್ಯೆ ಸೊನ್ನೆಯೇ ಎಂದು ‘ಇಫ್’ ಹಾಕಿ ಮೊದಲು ವಿಚಾರಿಸಬೇಕು, ಇಲ್ಲವಾದರೆ ಪ್ರೋಗ್ರಾಂ ಅಲ್ಲಿಯೇ ಮುಗ್ಗರಿಸುತ್ತದೆ. ಕೊನೆಗೆ ‘ಪ್ರಿಂಟ್’. ಇಷ್ಟಕ್ಕೆ ಇಪ್ಪತ್ತು ಸಾಲು ಸಾಕು, ಒಂದು ಸಂಜೆ ಸಾಕು. ಅವಳು ಬಳಸಿದ್ದು ಕ್ಯೂಬಿ-64 ಎಂಬ ಉಚಿತ ತಂತ್ರಾಂಶ. 1991ರಲ್ಲಿ ಎಂಎಸ್-ಡಾಸ್ ಐದನೆಯ ಆವೃತ್ತಿಯೊಡನೆ ಬಂದ ಕ್ಯೂಬೇಸಿಕ್‌ನ ಭಾಷೆಯನ್ನೇ ಇಂದಿನ ಯಂತ್ರಗಳಲ್ಲಿ ಅದು ಓಡಿಸುತ್ತದೆ. ವಿಂಡೋಸ್‌ಗೂ ಲಿನಕ್ಸ್‌ಗೂ ಸಿಗುತ್ತದೆ.

ಮರುದಿನ ಅವಳಿಗೆ ಅಂಕಿಗಳು ಕನ್ನಡದಲ್ಲೇ ಕಾಣಬೇಕೆನಿಸಿತು. ಇಲ್ಲಿ ಒಂದು ಹಗಲು ಪೂರ್ತಿ ವ್ಯಯವಾಯಿತು. ೨೭ ಎಂದು ಕನ್ನಡದಲ್ಲಿ ಬರೆದ ಪಠ್ಯವನ್ನು ಸಂಖ್ಯೆಯಾಗಿಸೆಂದು ಬೇಸಿಕ್‌ನ ‘ವ್ಯಾಲ್’ ಎಂಬ ಆಜ್ಞೆಗೆ ಕೊಟ್ಟರೆ ಅದು ಸೊನ್ನೆ ಎನ್ನುತ್ತದೆ. ಯುನಿಕೋಡ್‌ನಲ್ಲಿ ಕನ್ನಡದ ಹತ್ತೂ ಅಂಕಿಗಳಿಗೆ ಸ್ವಂತ ಸ್ಥಾನಗಳಿವೆ. ಆದರೆ ಈ ಹಳೆಯ ಭಾಷೆಗೆ ಅವು ಅಂಕಿಗಳೆಂದು ಯಾರೂ ಹೇಳಿಕೊಟ್ಟಿಲ್ಲ. ತೆರೆಯ ಮೇಲೆ ಕನ್ನಡ ಅಕ್ಷರಗಳನ್ನು ನೇರವಾಗಿ ಮೂಡಿಸುವುದೂ ಅದಕ್ಕೆ ಬಾರದು. ಹುಡುಗಿ ನನ್ನ ಕಕ್ಷಿದಾರರ ಕಡತದ ಹಿಂಬದಿಯ ಖಾಲಿ ಹಾಳೆಯಲ್ಲಿ ೦ಯಿಂದ ೯ರವರೆಗೆ ದಪ್ಪ ಪೆನ್ನಿನಿಂದ ಬರೆದು, ಫೋಟೊ ತೆಗೆದು, ಹತ್ತು ಚಿತ್ರಗಳಾಗಿ ಕತ್ತರಿಸಿ, ಉತ್ತರದ ಪ್ರತಿ ಅಂಕಿಗೂ ಅದರ ಚಿತ್ರವನ್ನು ಸಾಲಾಗಿ ಅಂಟಿಸುವಂತೆ ಮಾಡಿದಳು. ಆ ರಾತ್ರಿ ಕಪ್ಪು ತೆರೆಯ ಮೇಲೆ ಅವಳದೇ ಕೈಬರಹದಲ್ಲಿ ೪೨ ಎಂಬ ಉತ್ತರ ಮೂಡಿದಾಗ, ಮನೆಯವರೆಲ್ಲರೂ ಬಂದು ನೋಡಿದರು. ಆರರ ಬಾಲ ಒಂಬತ್ತರಂತಿದೆಯೆಂದು ನನ್ನ ತಾಯಿಯವರು ಆಕ್ಷೇಪಿಸಿದರು. ಅದು ಸರಿಯೇ ಆಗಿತ್ತು, ಆರನ್ನು ಮತ್ತೆ ಬರೆಯಲಾಯಿತು.

ಇನ್ನು ಗುಂಟೆಯ ಸರದಿ. ಅಳತೆಗಳನ್ನು ಪರಿವರ್ತಿಸುವ ಸಾಲುಗಳನ್ನು ಅವಳು ಸ್ವತಃ ಬರೆಯಲಿಲ್ಲ. ಯಾರೋ ಬರೆದು ಎಲ್ಲರ ಉಪಯೋಗಕ್ಕೆಂದು ಅಂತರಜಾಲದಲ್ಲಿ ಇರಿಸಿದ್ದ ಒಂದು ಲೈಬ್ರರಿಯನ್ನು ಇಳಿಸಿಕೊಂಡಳು. ಲೈಬ್ರರಿ ಎಂದರೆ ಪುಸ್ತಕಾಲಯವೇ ಎಂದು ಹಿರಿಯರು ಕೇಳುತ್ತಾರಾದ್ದರಿಂದ ಒಂದು ಮಾತು. ಮೇಲಿಂದ ಮೇಲೆ ಬೇಕಾಗುವ ಕೆಲಸಗಳನ್ನು ಒಬ್ಬರು ಒಂದು ಕಡತದಲ್ಲಿ ಬರೆದಿಟ್ಟರೆ, ಉಳಿದವರು ಅದನ್ನು ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಂಡು ಆ ಕೆಲಸಗಳನ್ನು ಹೆಸರು ಹಿಡಿದು ಕರೆಯಬಹುದು. ಹೀಗೆ ಹೆಸರು ಹಿಡಿದು ಕರೆಯುವ ಒಂದೊಂದು ಕೆಲಸಕ್ಕೂ ಫಂಕ್ಷನ್ ಎಂದು ಹೆಸರು. ಎಂಎಸ್-ಡಾಸ್ ಜೊತೆಗೆ ಬಂದ ಕ್ಯೂಬೇಸಿಕ್‌ನಲ್ಲಿ ಇಂಥ ಸೌಕರ್ಯವಿರಲಿಲ್ಲ. ದುಡ್ಡು ಕೊಟ್ಟು ಕೊಳ್ಳಬೇಕಾಗಿದ್ದ ಅದರ ಅಣ್ಣ ಕ್ವಿಕ್‌ಬೇಸಿಕ್‌ನಲ್ಲಿ ಇತ್ತು. ಕ್ಯೂಬಿ-64ರಲ್ಲಿ ಪ್ರೋಗ್ರಾಮಿನ ಮೊದಲಲ್ಲಿ ಒಂದು ಸಾಲು, ಕೊನೆಯಲ್ಲಿ ಒಂದು ಸಾಲು ಸೇರಿಸಿದರೆ ಆಯಿತು. ಆ ಸಾಲುಗಳು ಆರಂಭವಾಗುವುದು ಟಿಪ್ಪಣಿಗೆ ಹಾಕುವ ಒಂಟಿ ಉದ್ಧರಣ ಚಿಹ್ನೆಯಿಂದ. ಆಮೇಲೆ ಡಾಲರ್ ಚಿಹ್ನೆ, ‘ಇನ್‌ಕ್ಲೂಡ್’ ಎಂಬ ಪದ, ಕಡತದ ಹೆಸರು. ನೋಡಿದವರಿಗೆ ಯಂತ್ರ ಓದದೆ ಬಿಡುವ ಟಿಪ್ಪಣಿಯಂತೆ ತೋರುತ್ತದೆ, ಯಂತ್ರವಾದರೋ ಅದನ್ನು ಆಜ್ಞೆಯೆಂದೇ ಓದಿ ಹೊರಗಿನ ಕಡತವನ್ನು ಒಳಗೆ ಕರೆದುಕೊಳ್ಳುತ್ತದೆ. ದಸ್ತಾವೇಜುಗಳ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಷರತ್ತುಗಳು ನನಗೆ ನೆನಪಾದವು.

ಆ ಲೈಬ್ರರಿಯಲ್ಲಿ ಗುಂಟೆಯನ್ನು ಸೆಂಟಾಗಿಸುವ ಫಂಕ್ಷನ್ ಒಂದಿತ್ತು. ಅದನ್ನು ಕರೆದು, ತನ್ನ ಕ್ಯಾಲ್ಕುಲೇಟರಿಗೆ ಐದನೆಯ ಚಿಹ್ನೆಯಾಗಿ ಸೇರಿಸಿ, ನಾಲ್ಕು ಗುಂಟೆ ಎಂದು ಕೊಟ್ಟು ನೋಡಿದಳು: ಹತ್ತು ಸೆಂಟು ಎಂದಿತು. ಹತ್ತು ಗುಂಟೆಗೆ ಇಪ್ಪತ್ತೈದು, ನಲವತ್ತಕ್ಕೆ ನೂರು. ಎಲ್ಲವೂ ಸರಿ. ನಾನೂ ನೋಡಿ ತಲೆದೂಗಿದೆ. ನಾವು ಪರೀಕ್ಷಿಸಿದ್ದೆಲ್ಲ ಸರಿಸಂಖ್ಯೆಯ ಗುಂಟೆಗಳನ್ನು ಎಂಬುದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಅದೇ ವಾರ ನನ್ನ ಭಾವ ಮತ್ತು ಅವರ ತಮ್ಮನ ನಡುವಿನ ವಿಭಾಗದ ಕರಡು ನನ್ನ ಮೇಜಿನ ಮೇಲಿತ್ತು. ಮನೆಯವರ ಕೆಲಸವಾದ್ದರಿಂದ ಬೇರೆ ವಕೀಲರ ಬಳಿ ಹೋಗುವುದು ಬೇಡವೆಂದು ಇಬ್ಬರೂ ಸೇರಿ ನನಗೇ ಒಪ್ಪಿಸಿದ್ದರು. ಆನೇಕಲ್ ಕಡೆಯ ಹೊಲಗಳು ಗುಂಟೆಯ ಲೆಕ್ಕದಲ್ಲಿ, ಹೊಸೂರಿನ ಕಡೆಯವು ಸೆಂಟಿನ ಲೆಕ್ಕದಲ್ಲಿ. ಆನೇಕಲ್ ಕಡೆಯದರಲ್ಲಿ ಅಣ್ಣನಿಗೆ ಮೂರು ತುಂಡು: 5 ಗುಂಟೆ, 9 ಗುಂಟೆ, 13 ಗುಂಟೆ. ತಮ್ಮನಿಗೆ ಒಂದೇ ತುಂಡು, 27 ಗುಂಟೆ. ಏನಾದರೂ ಹೆಚ್ಚುಕಡಿಮೆಯಾದರೆ ಹೊಸೂರಿನ ಕಡೆಯ ಜಮೀನಿನಲ್ಲಿ ಸರಿತೂಗಿಸುವುದೆಂದು ಮಾತಾಗಿತ್ತು. ಆದ್ದರಿಂದ ಎಲ್ಲವನ್ನೂ ಸೆಂಟಿಗೆ ತಂದು ಒಂದೇ ಪಟ್ಟಿ ಮಾಡಬೇಕಿತ್ತು. ಮಗಳು ಉತ್ಸಾಹದಿಂದ ತನ್ನ ಯಂತ್ರದಲ್ಲಿ ಒಂದೊಂದೇ ತುಂಡನ್ನು ಹಾಕಿ ಉತ್ತರ ಓದಿದಳು, ನಾನು ಬರೆದುಕೊಂಡೆ. ಅಣ್ಣನಿಗೆ 12, 22 ಮತ್ತು 32, ಒಟ್ಟು 66 ಸೆಂಟು. ತಮ್ಮನಿಗೆ 68 ಸೆಂಟು. ತಮ್ಮನ ಕಡೆ ಎರಡು ಸೆಂಟು ಹೆಚ್ಚಾಯಿತೆಂದು, ಹೊಸೂರಿನ ಜಮೀನಿನಲ್ಲಿ ಅಣ್ಣನಿಗೆ ಎರಡು ಸೆಂಟು ಸರಿತೂಗಿಸಬೇಕೆಂದು ಕರಡಿನಲ್ಲಿ ಸೇರಿಸಿ ಇಬ್ಬರಿಗೂ ಒಂದೊಂದು ಪ್ರತಿ ಕಳುಹಿಸಿದೆ.

ಎರಡು ಸೆಂಟು ಎಂದರೆ 871 ಚದರಡಿ. ಇಪ್ಪತ್ತು ನಲವತ್ತರ ಒಂದು ನಿವೇಶನಕ್ಕೆ ಬೇಕಾದದ್ದು 800 ಚದರಡಿ. ಹೊಸೂರಿನ ಸುತ್ತಮುತ್ತ ನಿವೇಶನದ ಬೆಲೆ ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಭಾವನ ತಮ್ಮ ಶಾಲೆಯಲ್ಲಿ ಹೆಚ್ಚು ಓದಿದವನಲ್ಲ. ಮರುದಿನ ಬೆಳಿಗ್ಗೆ ದೂರವಾಣಿ ಮಾಡಿದ. ಎಂದೂ ‘ಭಾವ’ ಎಂದು ಕರೆಯುವವನು ಅಂದು ‘ವಕೀಲರೇ’ ಎಂದ. “ವಕೀಲರೇ, ನಮ್ಮಣ್ಣನಿಗೆ ಐದು, ಒಂಬತ್ತು, ಹದಿಮೂರು. ಬೆರಳು ಮಡಿಸಿ ಕೂಡಿದರೂ ಇಪ್ಪತ್ತೇಳೇ ಆಗುತ್ತದೆ. ನನಗೂ ಇಪ್ಪತ್ತೇಳು. ಇಪ್ಪತ್ತೇಳು ಗುಂಟೆಗೆ ಅವನಿಗೆ ಒಂದು ಲೆಕ್ಕ, ನನಗೆ ಒಂದು ಲೆಕ್ಕವೇ?”

ನಾನು ಪ್ರತಿಯನ್ನು ತೆಗೆದು ನೋಡಿದೆ. ಅವನು ಹೇಳಿದ್ದು ಸರಿ. ಎರಡೂವರೆಯಿಂದ ಗುಣಿಸಿದರೆ ಇಬ್ಬರಿಗೂ ಅರವತ್ತೇಳೂವರೆ ಸೆಂಟು. ಕೊಡಬೇಕಾದದ್ದೂ ಇಲ್ಲ, ಪಡೆಯಬೇಕಾದದ್ದೂ ಇಲ್ಲ. ಇಪ್ಪತ್ತು ವರ್ಷ ಭೂವ್ಯಾಜ್ಯಗಳನ್ನೇ ನಡೆಸಿದ ನಾನು, ಯಂತ್ರವು ಹೇಳಿತೆಂಬ ಕಾರಣಕ್ಕೆ ಒಂದು ಗುಣಾಕಾರವನ್ನು ಮಾಡಿ ನೋಡದೆ ಬರೆದುಕೊಂಡಿದ್ದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ನಾಚಿಸಿದ್ದು, ಆ ತಪ್ಪು ವಾಲಿದ ದಿಕ್ಕು. ಅದು ವಾಲಿದ್ದು ನನ್ನ ಅಕ್ಕನ ಮನೆಯ ಕಡೆಗೆ. ಬೇಕೆಂದೇ ಮಾಡಿದ್ದಲ್ಲವೆಂದು ನಾನು ಹೇಳಬಲ್ಲೆ. ಆದರೆ ಹಾಗೆ ಹೇಳಬೇಕಾಗಿ ಬಂದ ವಕೀಲನ ಮಾತಿಗೆ ಬೆಲೆ ಎಷ್ಟೆಂದು ನನಗೂ ಗೊತ್ತು. ಅಂದೇ ಇಬ್ಬರಿಗೂ ಕರಡನ್ನು ಹಿಂತೆಗೆದುಕೊಂಡಿರುವುದಾಗಿ ತಿಳಿಸಿ, ತಪ್ಪಿನ ಕಾರಣವನ್ನು ಕಂಡುಹಿಡಿದು ತೋರಿಸುವುದಾಗಿ ಮಾತು ಕೊಟ್ಟೆ.

ಕಾರಣವನ್ನು ಹುಡುಕಲು ಸಂಜೆಯವರೆಗೆ ಹಿಡಿಯಿತು. ಹುಡುಗಿಯ ಕಣ್ಣು ತುಂಬಿತ್ತು, ಆದರೂ ಎದ್ದು ಹೋಗಲಿಲ್ಲ. ಲೈಬ್ರರಿಯ ಕಡತವನ್ನು ತೆರೆದು ನೋಡಿದೆವು. ಆ ಫಂಕ್ಷನ್ನಿನ ಹೆಸರಿನ ಕೊನೆಯಲ್ಲಿ % ಎಂಬ ಚಿಹ್ನೆ ಇತ್ತು. “ಇದು ಶೇಕಡಾ ಅಲ್ಲವೇ ಮಾವ? ಎಕರೆಗೆ ನೂರು ಸೆಂಟಲ್ಲವೇ, ಅದಕ್ಕೆ ಶೇಕಡಾ ಹಾಕಿದ್ದಾರೆಂದುಕೊಂಡೆ” ಎಂದಳು. ತರ್ಕದಲ್ಲಿ ದೋಷವಿಲ್ಲ, ಆದರೆ ಬೇಸಿಕ್‌ನಲ್ಲಿ ಆ ಚಿಹ್ನೆಯ ಅರ್ಥವೇ ಬೇರೆ. ಹೆಸರಿನ ಕೊನೆಗೆ % ಇದ್ದರೆ ಅದರಲ್ಲಿ ಪೂರ್ಣಾಂಕ ಮಾತ್ರ ಹಿಡಿಸುತ್ತದೆ, ಅದೂ 32,767ಕ್ಕೆ ಮೀರದ ಪೂರ್ಣಾಂಕ; & ಇದ್ದರೆ ಇನ್ನೂ ದೊಡ್ಡ ಪೂರ್ಣಾಂಕ, ಇನ್ನೂರ ಹದಿನಾಲ್ಕು ಕೋಟಿಯವರೆಗೆ; # ಇದ್ದರೆ ದಶಾಂಶ ಭಿನ್ನರಾಶಿ; $ ಇದ್ದರೆ ಅಕ್ಷರ. ಒಳಗೆ ಎರಡೂವರೆಯಿಂದ ಗುಣಿಸುವ ಸಾಲು ಸರಿಯಾಗಿಯೇ ಇತ್ತು. ಬಂದ ಉತ್ತರವನ್ನು ಹೊರಗೆ ಕೊಡುವ ಪಾತ್ರೆಯಲ್ಲಿ ಅರ್ಧ ಹಿಡಿಸುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಪ್ರತಿ ತುಂಡಿಗೂ ಅರ್ಧ ಸೆಂಟು ಹೆಚ್ಚಾಗಬೇಕಿತ್ತು ಅಥವಾ ಪ್ರತಿ ತುಂಡಿಗೂ ಕಡಿಮೆಯಾಗಬೇಕಿತ್ತು. ಐದು ಗುಂಟೆಯ ಹನ್ನೆರಡೂವರೆ 12 ಆಗಿ ಇಳಿದದ್ದೂ, ಇಪ್ಪತ್ತೇಳರ ಅರವತ್ತೇಳೂವರೆ 68 ಆಗಿ ಏರಿದ್ದೂ ಹೇಗೆ? ಶಾಲೆಯಲ್ಲಿ ಮಕ್ಕಳಿಗೆ ಕಲಿಸುವುದು ಅರ್ಧ ಬಂದರೆ ಮೇಲಕ್ಕೆ ಏರಿಸೆಂದು. ಕ್ಯೂಬೇಸಿಕ್‌ನಿಂದ ವಿಷುವಲ್ ಬೇಸಿಕ್‌ವರೆಗೆ ಈ ಕುಟುಂಬದ ಭಾಷೆಗಳು ಪೂರ್ಣಾಂಕ ಮಾಡುವಾಗ ಬೇರೊಂದು ನಿಯಮವನ್ನು ಅನುಸರಿಸುತ್ತವೆ: ಸರಿಯಾಗಿ ಅರ್ಧ ಬಂದರೆ ಹತ್ತಿರದ ಸರಿಸಂಖ್ಯೆಗೆ ಹೋಗು. ಎರಡೂವರೆ ಎರಡಾಗುತ್ತದೆ, ಏಳೂವರೆ ಎಂಟಾಗುತ್ತದೆ. ಇದಕ್ಕೆ ಬ್ಯಾಂಕಿನವರ ದುಂಡಾಗಿಸುವಿಕೆ ಎಂಬ ಹೆಸರೂ ಇದೆ. ಇದರ ಹಿಂದೆ ವಿವೇಕವಿದೆ: ಸಾವಿರಾರು ಲೆಕ್ಕಗಳನ್ನು ಕೂಡುವಾಗ ಎಲ್ಲ ಅರ್ಧಗಳನ್ನೂ ಮೇಲಕ್ಕೆ ಏರಿಸುತ್ತ ಹೋದರೆ ಒಟ್ಟು ಮೊತ್ತ ಉಬ್ಬುತ್ತದೆ, ಅರ್ಧ ಕೆಲವು ಸಲ ಏರಿ ಕೆಲವು ಸಲ ಇಳಿದರೆ ಸರಿಹೋಗುತ್ತದೆ. ಸಾವಿರ ಲೆಕ್ಕಗಳಲ್ಲಿ ಸರಿಹೋಗುವುದು ಒಂದು ಮನೆಯ ನಾಲ್ಕು ತುಂಡುಗಳಲ್ಲಿ ಸರಿಹೋಗಬೇಕೆಂದಿಲ್ಲ. ಐದು, ಒಂಬತ್ತು, ಹದಿಮೂರು ಮೂರೂ ಇಳಿಯುವ ಸಂಖ್ಯೆಗಳೇ ಆಗಿದ್ದವು.

ಹಾಗಾದರೆ ಶಾಲೆಯ ನಿಯಮವೇ ವಾಸಿಯಲ್ಲವೇ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಹುಡುಗಿ ಹಾಳೆಯ ಮೇಲೆ ಮಾಡಿ ತೋರಿಸಿದಳು: ಆ ನಿಯಮದಂತೆ ಅಣ್ಣನಿಗೆ 13, 23, 33, ಒಟ್ಟು 69, ತಮ್ಮನಿಗೆ 68. ಆಗಲೂ ಒಂದು ಸೆಂಟಿನ ಜಗಳ ಉಳಿಯುತ್ತದೆ, ಈ ಸಲ ವಾಲುವುದು ತಮ್ಮನ ಕಡೆಗೆ. ದೋಷವಿದ್ದದ್ದು ಕೂಡುವ ಮೊದಲೇ ತುಂಡು ತುಂಡಾಗಿ ದುಂಡಾಗಿಸಿದ್ದರಲ್ಲಿ.

“ಹಾಗಾದರೆ ತಪ್ಪು ನನ್ನದೇ, ಲೈಬ್ರರಿ ಬರೆದವರದೇ?” ಎಂದು ಅವಳು ಕೇಳಿದ ಪ್ರಶ್ನೆ ನನ್ನ ವೃತ್ತಿಗೆ ಸೇರಿದ್ದು. ನನ್ನ ಕಚೇರಿಯ ಗೋಡೆಯುದ್ದಕ್ಕೂ ಇರುವ ತೀರ್ಪುಗಳ ಸಂಪುಟಗಳನ್ನು ತೋರಿಸಿದೆ. ವಕೀಲರಾದ ನಾವೂ ಪ್ರತಿಯೊಂದು ವಾದವನ್ನೂ ಮೊದಲಿನಿಂದ ಕಟ್ಟುವುದಿಲ್ಲ. ಹಿಂದಿನ ತೀರ್ಪನ್ನು ಹೆಸರು ಹಿಡಿದು ಕರೆದು ಮುಂದೆ ಇಡುತ್ತೇವೆ. ಪ್ರತಿ ತೀರ್ಪಿನ ತಲೆಯ ಮೇಲೆ ಸಂಪಾದಕರು ಬರೆದ ಸಾರಾಂಶವಿರುತ್ತದೆ, ಅದನ್ನು ಹೆಡ್‌ನೋಟ್ ಎನ್ನುತ್ತೇವೆ. ನಾನು ಹೊಸದಾಗಿ ಕರಿಕೋಟು ತೊಟ್ಟಾಗ ನನ್ನ ಹಿರಿಯರು ಮೊದಲು ಕಲಿಸಿದ್ದು, ಹೆಡ್‌ನೋಟ್ ತೀರ್ಪಲ್ಲ, ಒಳಗಿನದನ್ನು ಓದದೆ ನ್ಯಾಯಾಧೀಶರ ಮುಂದೆ ಎತ್ತಬೇಡ ಎಂದು. ಫಂಕ್ಷನ್ನಿನ ಹೆಸರು ಹೆಡ್‌ನೋಟ್ ಇದ್ದಂತೆ. ಗುಂಟೆಯಿಂದ ಸೆಂಟಿಗೆ ಎಂದು ಹೆಸರು ಹೇಳಿತು. ಎಷ್ಟರಮಟ್ಟಿಗೆ, ಯಾವ ಪಾತ್ರೆಯಲ್ಲಿ ಎಂಬುದು ಒಳಗಿತ್ತು. ಬರೆದವರು ಅದನ್ನು ಮುಚ್ಚಿಟ್ಟಿರಲಿಲ್ಲ, ಹೆಸರಿನ ಬಾಲದಲ್ಲಿಯೇ % ಹಾಕಿದ್ದರು. ಇಡೀ ಸೆಂಟು ಸಾಕೆನ್ನುವ ಯಾವುದೋ ಕೆಲಸಕ್ಕಾಗಿ ಅವರು ಬರೆದಿರಬೇಕು.

ಕಡತದ ಆರಂಭದಲ್ಲಿ ಪರವಾನಗಿಯ ಕೆಲವು ಸಾಲುಗಳೂ ಇದ್ದವು. ಇಂಥವನ್ನು ಓದುವುದು ನನಗೆ ಅಭ್ಯಾಸ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಬರೆದವರ ಹೆಸರನ್ನೂ ಈ ಸಾಲುಗಳನ್ನೂ ತೆಗೆಯಬಾರದು. ಇದ್ದದ್ದು ಇದ್ದ ಹಾಗೆ ಕೊಡಲಾಗಿದೆ, ಯಾವ ಖಾತರಿಯೂ ಇಲ್ಲ. ಉಚಿತವಾಗಿ ಕೊಟ್ಟವರು ಇದಕ್ಕಿಂತ ಹೆಚ್ಚಿನ ಹೊಣೆ ಹೊರಲೆಂದು ಕೇಳುವುದು ನ್ಯಾಯವೂ ಅಲ್ಲ. ಪ್ರಸಂಗವಶಾತ್ ಹೇಳುವುದಾದರೆ, ಇಂಥ ಕಡತಗಳನ್ನು ಯಾರದೂ ಅಲ್ಲದ ಗೋಮಾಳವೆಂದು ತಿಳಿಯುವ ಪೋಷಕರಿದ್ದಾರೆ. 1957ರ ಕೃತಿಸ್ವಾಮ್ಯ ಅಧಿನಿಯಮದ 2ನೆಯ ಪ್ರಕರಣದಲ್ಲಿ ‘ಸಾಹಿತ್ಯ ಕೃತಿ’ ಎಂಬುದರ ಪರಿಭಾಷೆಯೊಳಗೆ ಗಣಕಯಂತ್ರದ ಪ್ರೋಗ್ರಾಂ ಕೂಡ ಸೇರಿದೆ. 1984ರ ತಿದ್ದುಪಡಿಯಿಂದ ಅದು ಅಲ್ಲಿಗೆ ಬಂದಿತು. ಕಾನೂನಿನ ಕಣ್ಣಿಗೆ ಈ ಹುಡುಗಿಯ ಕ್ಯಾಲ್ಕುಲೇಟರು ಒಂದು ಸಾಹಿತ್ಯ ಕೃತಿ. ಈ ಸುದ್ದಿ ಕೇಳಿ ಅವಳು ಬಹಳ ಹೊತ್ತಿನ ಮೇಲೆ ನಕ್ಕಳು. ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ: ಎರವಲು ಪಡೆದ ಭಾಗ ಬರೆದವರದೇ ಆಗಿ ಉಳಿಯುತ್ತದೆ, ಅದನ್ನು ಜೋಡಿಸಿ ಉತ್ತರ ಕೊಟ್ಟದ್ದರ ಹೊಣೆ ಜೋಡಿಸಿದವರದು. ಕರಡಿನ ಕೆಳಗೆ ಇದ್ದದ್ದು ನನ್ನ ಹೆಸರು. ಆದ್ದರಿಂದ ತಪ್ಪು ನಿನ್ನದೂ ಅಲ್ಲ, ಅವರದೂ ಅಲ್ಲ, ನನ್ನದು ಎಂದು ಹೇಳಿದೆ. ಅವಳು ಒಪ್ಪಲಿಲ್ಲ, ಪರೀಕ್ಷೆಗೆ ಬೆಸಸಂಖ್ಯೆಯನ್ನು ಹಾಕದಿದ್ದದ್ದು ತನ್ನ ಪಾಲಿನದೆಂದು ಹಟ ಹಿಡಿದಳು. ಸರಿ, ಅಷ್ಟು ಅವಳ ಪಾಲಿಗೆ ಬಿಟ್ಟೆ.

ತಿದ್ದಲು ಸುಲಭದ ದಾರಿ % ತೆಗೆದು # ಹಾಕುವುದು. ನಾನು ಅದನ್ನೇ ಹೇಳಿದೆ. ರಾತ್ರಿ ಊಟದ ಹೊತ್ತಿಗೆ ಅವಳಿಗೆ ಅದಕ್ಕಿಂತ ಒಳ್ಳೆಯ ಉಪಾಯ ಹೊಳೆದಿತ್ತು. “ಮಾವ, ಸೆಂಟನ್ನು ಬಿಟ್ಟು ಅರ್ಧ ಸೆಂಟಿನಲ್ಲಿ ಲೆಕ್ಕ ಇಟ್ಟರೆ? ಒಂದು ಗುಂಟೆಗೆ ಐದು ಅರ್ಧ ಸೆಂಟು. ಆಗ ಎಲ್ಲಿಯೂ ಭಿನ್ನರಾಶಿಯೇ ಬರುವುದಿಲ್ಲ.” ಹಿಂದಿನ ಕಾಲದ ಶಾನುಭೋಗರು ರೂಪಾಯಿಯನ್ನು ಆಣೆ ಪೈಗಳಿಗೆ ಇಳಿಸಿ ಕೂಡಿ, ಕೊನೆಗೆ ಮತ್ತೆ ರೂಪಾಯಿಗೆ ಏರಿಸುತ್ತಿದ್ದ ಕ್ರಮವೇ ಇದು, ಅವಳಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಇಪ್ಪತ್ತೇಳು ಗುಂಟೆಗೆ 135 ಅರ್ಧ ಸೆಂಟು. ಬೇಸಿಕ್‌ನಲ್ಲಿ ಭಾಗಾಕಾರಕ್ಕೆ ಎರಡು ಗೆರೆಗಳಿವೆ: ಬಲಕ್ಕೆ ವಾಲಿದ / ಗೆರೆ ಭಿನ್ನರಾಶಿಯೊಡನೆ ಭಾಗಿಸುತ್ತದೆ, ಎಡಕ್ಕೆ ವಾಲಿದ \ ಗೆರೆ ಭಾಗಲಬ್ಧದ ಪೂರ್ಣಾಂಕವನ್ನು ಮಾತ್ರ ಕೊಡುತ್ತದೆ, ‘ಮಾಡ್’ ಎಂಬ ಪದ ಶೇಷವನ್ನು ಕೊಡುತ್ತದೆ. 135ನ್ನು ಎಡಗೆರೆಯಿಂದ ಎರಡಕ್ಕೆ ಭಾಗಿಸಿದರೆ 67, ಶೇಷ 1. ತೆರೆಯ ಮೇಲೆ ‘೬೭’ ಎಂದು ಮೂಡಿಸಿ, ಶೇಷವಿದ್ದರೆ ಪಕ್ಕದಲ್ಲಿ ‘ಅರ್ಧ’ ಎಂಬ ಪದದ ಚಿತ್ರವನ್ನು ಇಡುವಂತೆ ಮಾಡಿದಳು. ಆ ‘ಅರ್ಧ’ವೂ ಅವಳದೇ ಕೈಬರಹ. ಈ ಸಲ ಮೊದಲು ಎಲ್ಲ ತುಂಡುಗಳ ಗುಂಟೆಗಳನ್ನೂ ಕೂಡಿ, ಆಮೇಲೆ ಒಂದೇ ಬಾರಿ ಪರಿವರ್ತಿಸಿದಳು. ಒಂದರಿಂದ ನಲವತ್ತರವರೆಗೆ ಪ್ರತಿಯೊಂದು ಗುಂಟೆಯನ್ನೂ ಹಾಕಿ, ನಾನು ಕಾಗದದ ಮೇಲೆ ಗುಣಿಸಿದ ಪಟ್ಟಿಯೊಡನೆ ತಾಳೆ ನೋಡಿದೆವು. ನನ್ನ ಪಟ್ಟಿಯಲ್ಲಿ ಒಂದು ತಪ್ಪಿತ್ತು, ಅವಳದರಲ್ಲಿ ಇರಲಿಲ್ಲ.

ಹೊಸ ಕರಡಿನಲ್ಲಿ ಪ್ರತಿ ತುಂಡಿನ ಎದುರಿಗೂ ಪಹಣಿಯಲ್ಲಿರುವ ಗುಂಟೆಯನ್ನೇ ಮೊದಲು ಬರೆದು, ಸೆಂಟನ್ನು ಪಕ್ಕದಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ನಮೂದಿಸಿದೆ; ಮೂಲ ದಾಖಲೆಯ ಅಳತೆಯೇ ಪ್ರಧಾನ, ಪರಿವರ್ತಿತ ಅಳತೆ ತಿಳಿವಳಿಕೆಗಾಗಿ ಮಾತ್ರ ಎಂಬ ಷರತ್ತನ್ನೂ ಸೇರಿಸಿದೆ. ಎರಡು ರಾಜ್ಯಗಳಲ್ಲಿ ಜಮೀನಿರುವ ನಮ್ಮ ಓದುಗರು ತಮ್ಮ ಪತ್ರಗಳಲ್ಲಿ ಇಂಥ ಸಾಲೊಂದು ಇದೆಯೇ ಎಂದು ನೋಡಿಕೊಳ್ಳುವುದು ಉಚಿತ. ಭಾವನ ತಮ್ಮನಿಗೆ ನಾನೇ ಹೋಗಿ ಪ್ರತಿ ಕೊಟ್ಟೆ, ಹುಡುಗಿಯೂ ಲ್ಯಾಪ್‌ಟಾಪ್ ಹಿಡಿದು ಬಂದಳು. ಅವನು ಮೊದಲು ಬೆರಳು ಮಡಿಸಿದ, ಆಮೇಲೆ ಯಂತ್ರದಲ್ಲಿ ಹಾಕಿಸಿದ, ಎರಡೂ ಒಂದೇ ಬಂದ ಮೇಲೆ, “ಆಯಿತು ಭಾವ, ಕಾಫಿ ಕುಡಿಯಿರಿ” ಎಂದ.

ಹೊರಡುವಾಗ ಅವನು ಹುಡುಗಿಯನ್ನು ಕೇಳಿದ: “ಇದರಲ್ಲಿ ಏರು ಇಲ್ಲವೇ? ಪಟ್ಟಾದಲ್ಲಿ ಇರುವುದು ಅದೇ ಅಲ್ಲವೇ?” ಏರು ಸುಲಭದ್ದಲ್ಲ ಚಿಕ್ಕಪ್ಪ ಎಂದಳು. ಏರಿಗೆ 2.471 ಸೆಂಟು, ಅದರ ಮುಂದೆಯೂ ಅಂಕಿಗಳು ಮುಗಿಯದೆ ಸಾಗುತ್ತವೆ. ಅರ್ಧ ಸೆಂಟಿನ ಉಪಾಯ ಅಲ್ಲಿ ನಡೆಯುವುದಿಲ್ಲ, ದಶಾಂಶಗಳನ್ನು ಎಷ್ಟರವರೆಗೆ ಹಿಡಿಯಬೇಕೆಂದು ನಿರ್ಧರಿಸಬೇಕು. ದಸರಾ ರಜೆಗೆ ಬಂದಾಗ ಅದನ್ನು ಬರೆಯುವುದೆಂದು ಈಗ ಗೊತ್ತಾಗಿದೆ. ಲೈಬ್ರರಿಯ ಆ ಕಡತವನ್ನು ಅವಳು ಅಳಿಸಿಲ್ಲ. ಬರೆದವರ ಹೆಸರನ್ನು ಹಾಗೆಯೇ ಉಳಿಸಿ, ಅದರ ಕೆಳಗೆ ತಾನು ತಿದ್ದಿದ ಸಾಲು ಯಾವುದು, ಏಕೆ ಎಂದು ಎರಡು ವಾಕ್ಯದ ಟಿಪ್ಪಣಿ ಸೇರಿಸಿದ್ದಾಳೆ.